ತೈ ಮೊದಲ ದಿನದ ಹೋರಿಕರು

ಪುದುಚೇರಿ
9 ಸೆಪ್ಟೆಂಬರ್ 2024

ಮುತ್ತುಸೆಲ್ವಿ ಅತ್ತೆಗೆ ನಿವೇತಾಳ ನಮಸ್ಕಾರ.

ಕಾಗುಣಿತ ತಪ್ಪಿದ್ದರೆ ದಯವಿಟ್ಟು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ. ಹೋದ ಸಲ ಹಾಗೆ ಮಾಡಿದಿರಿ, ನನ್ನ ರೂಮಿನವಳು ನೋಡಿ "ಎಷ್ಟು ಮಾರ್ಕು ಬಂತು?" ಎಂದು ಕೇಳಿದಳು. ನೀವು ಟೀಚರ್ ಟ್ರೈನಿಂಗಿಗೆಂದು ಮೈಸೂರಿಗೆ ಹೋಗಿ ಹತ್ತು ತಿಂಗಳಲ್ಲಿ ಕಲಿತು ಬಂದ ಅಕ್ಷರ ಇದು. ಬೇಸಿಗೆ ರಜೆಗಳಲ್ಲಿ ನನಗೂ ಕಲಿಸಿದಿರಿ. ನಮ್ಮ ಇಡೀ ಕುಟುಂಬದಲ್ಲಿ ಮನೆಮಾತಾದ ಕನ್ನಡವನ್ನು ಬರೆಯಬಲ್ಲವರು ನಾವಿಬ್ಬರೇ. ಫೋನಿನಲ್ಲಾದರೆ ಎರಡನೇ ಮಾತಿಗೇ ಇಬ್ಬರೂ ತಮಿಳಿಗೆ ಜಾರುತ್ತೇವೆ, ಅದಕ್ಕೇ ಈ ಕಾಗದ.

ಒಂದು ಸಂತೋಷದ ಸುದ್ದಿ ಇದೆ. ನನಗೆ ಮೊದಲ ಪುಸ್ತಕ ಸಿಕ್ಕಿದೆ, ಇಂಗ್ಲಿಷಿನಿಂದ ಫ್ರೆಂಚಿಗೆ ಮಾಡಬೇಕು. ಯಾವ ಪುಸ್ತಕ ಗೊತ್ತಾ? ಹೋದ ತೈ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಇಪ್ಪತ್ತು ದಿನ ಇದ್ದು ನಿಮ್ಮ ಕೈಯ ರಾಗಿ ಕಳಿ ತಿಂದು ಹೋದ ಚೆನ್ನೈ ಹುಡುಗ ಸೂರ್ಯ ಮಲೆದನಗಳ ಬಗ್ಗೆ ಬರೆದ ಪುಸ್ತಕ, ಇಂಗ್ಲಿಷಿನಲ್ಲೂ ಇನ್ನೂ ಅಚ್ಚಾಗಿಲ್ಲ. ಅದರಲ್ಲಿ ನಮ್ಮ ತೊಳುವಿನ ಮೇಲೆ ಒಂದು ಅಧ್ಯಾಯವೇ ಇದೆ! ಫ್ರಾನ್ಸಿನ ಲಿಯೋನಿನಲ್ಲಿರುವ ಸಂಪಾದಕಿ ತೊಳು ಎಂದರೇನು ಎಂದು ಕೇಳಿದರು. ಗುಡಿಯೂ ಹೌದು, ದೊಡ್ಡಿಯೂ ಹೌದು, ಒಳಗೆ ವಿಗ್ರಹವಿಲ್ಲ, ಹೋರಿಗಳಿಗೇ ಪೂಜೆ ಎಂದು ಬರೆದೆ. ಅವರಿಗೆ ಬಹಳ ಹಿಡಿಸಿತು.

ಈಗ ನನ್ನ ಕಷ್ಟ ಕೇಳಿ. ಆ ಅಧ್ಯಾಯದಲ್ಲಿ ನೀವೂ ಇದ್ದೀರಿ. "ಮುತ್ತುಸೆಲ್ವಿ ಒಂದು ಹೋರಿಕರುವನ್ನು ಕೀಪ್ ಮಾಡುತ್ತಾಳೆ" ಎಂದಿದೆ. ಈ ಕೀಪ್ ಎನ್ನುವ ಇಂಗ್ಲಿಷ್ ಮಾತಿದೆಯಲ್ಲ, ದನ ಸಾಕಿದರೂ ಕೀಪ್, ಕೊಟ್ಟ ಮಾತು ಉಳಿಸಿಕೊಂಡರೂ ಕೀಪ್, ಕಾವಲು ಕಾದರೂ ಕೀಪ್, ಗುಟ್ಟು ಬಿಡದಿದ್ದರೂ ಕೀಪ್, ಕಂಡಕ್ಟರು ಚಿಲ್ಲರೆ ವಾಪಸು ಕೊಡದಿದ್ದರೂ ಕೀಪ್. ಫ್ರೆಂಚಿನಲ್ಲಿ ಹಾಗೆ ನಡೆಯುವುದಿಲ್ಲ. ಸಾಕುವುದಕ್ಕೆ ಎಲ್ವೆ ಎನ್ನಬೇಕು, ಮಾತು ಉಳಿಸಿಕೊಳ್ಳಲು ತನೀರ್, ಕಾಯುವುದಕ್ಕೂ ಬಿಡದೆ ಇಟ್ಟುಕೊಳ್ಳುವುದಕ್ಕೂ ಗಾರ್ದೆ. ಕೆಲವು ಕಡೆ ಇಡೀ ವಾಕ್ಯವನ್ನೇ ಮುರಿದು ಕಟ್ಟಬೇಕು. ಆದ್ದರಿಂದ ಸರಿಯಾಗಿ ಹೇಳಿ ಅತ್ತೆ, ಆ ಕರುವನ್ನು ನೀವು ಏನು ಮಾಡುತ್ತಿದ್ದೀರಿ? ಸಾಕುತ್ತಿದ್ದೀರೋ, ಕಾಯುತ್ತಿದ್ದೀರೋ, ಇಟ್ಟುಕೊಂಡಿದ್ದೀರೋ? ಡಿಸೆಂಬರ್ ಹದಿನೈದಕ್ಕೆ ನಾನು ಎಲ್ಲ ಮುಗಿಸಿ ಕೊಡಬೇಕು.

ನಿಮ್ಮ
ನಿವೇತಾ


ಗೂಡಲೂರು
21 ಸೆಪ್ಟೆಂಬರ್ 2024

ನಿವೇತಾ ಕಣ್ಣು,

ನಾಲ್ಕೇ ತಪ್ಪು. ಪರವಾಗಿಲ್ಲ, ಪಾಸು.

ನಿನ್ನ ಕಾಗದವನ್ನು ಪಕ್ಕದ ಮನೆ ಕಮಲಮ್ಮಾಳಿಗೆ ಓದಿ ಹೇಳಿದೆ. "ನಮ್ ಮಾತ್ಗೂ ಅಕ್ಷರ ಐತಾ ಅಕ್ಕಾ?" ಎಂದು ಹತ್ತನೇ ಸಲ ಕೇಳಿದಳು. ಫ್ರೆಂಚಿನವರು ನಮ್ಮ ತೊಳುವಿನ ಬಗ್ಗೆ ಓದುತ್ತಾರೆ ಎಂದರೆ ಆಕೆ ನಂಬಲೇ ಇಲ್ಲ. "ಅವ್ರಿಗ್ಯಾಕೆ, ಅವ್ರೂರಲ್ಲಿ ದನ ಇಲ್ವಾ?" ಅನ್ನುತ್ತಾಳೆ.

ಇಂಗ್ಲಿಷಿನವರನ್ನು ನೋಡಿ ಪಾಪ ಅನ್ನಿಸಿತು. ಅಷ್ಟೆಲ್ಲ ದೇಶ ಆಳಿದರು, ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಪಾತ್ರೆಯಾ? ಹಾಲಿಗೂ ಅದೇ, ರಸಕ್ಕೂ ಅದೇ. ನಾನು ಕರುವನ್ನು ಸಾಕುತ್ತಿದ್ದೇನೆ ಕಣೆ, ಇನ್ನೇನು! ನಿನ್ನ ಅಜ್ಜಿ ನನ್ನ ಮದುವೆಗೆ ಕಾಮಯಗೌಂಡನ್‌ಪಟ್ಟಿಯಿಂದ ಒಂದು ಹಸು ಹೊಡೆದುಕೊಂಡು ಬಂದಿದ್ದರು. ನಿನ್ನ ಮಾಮ ಹೋದರು, ಹೊಲ ಅರ್ಧ ಹೋಯಿತು, ಆ ಹಸುವಿನ ಕುಡಿ ಮಾತ್ರ ತಪ್ಪದೆ ನಡೆದುಕೊಂಡು ಬಂತು. ಹೋದ ತೈಯವರೆಗೆ ಇದ್ದ ಚೆವಲೆ ಅದರ ಮರಿಮಗಳು. ಈ ಕರು ಹಾಕಿದ ಒಂಬತ್ತನೇ ದಿನಕ್ಕೆ ಚೆವಲೆ ಸತ್ತುಹೋದಳು. ಈ ಕರುವಿಗೆ ನಾನೇ ತಾಯಿ. ಬಾಟಲಿಯಲ್ಲಿ ಹಾಲು ಕುಡಿಸಿದ್ದು ನಾನು, ಹೊಟ್ಟೆ ಕೆಟ್ಟಾಗ ಓಮ ಅರೆದು ನೆಕ್ಕಿಸಿದ್ದು ನಾನು. ಈಗ ನನ್ನ ಸೀರೆ ಸೆರಗು ಕಂಡರೆ ಅಗಿಯಲು ಬರುತ್ತಾನೆ, ಪೋಲಿ.

ನಮ್ಮ ಕಟ್ಟಳೆ ನಿನಗೆ ಮರೆತಿರಬಹುದು. ನಮ್ಮವರ ಯಾವ ಮನೆಯಲ್ಲಾಗಲಿ, ತೈ ತಿಂಗಳ ಮೊದಲ ದಿನ, ಪೊಂಗಲಿನಂದು, ಹುಟ್ಟಿದ ಕರು ತೊಳುವಿನದು. ಒಂದು ವರ್ಷ ತಾಯ ಹಾಲು ಕುಡಿಯಲಿ ಎಂದು ಬಿಟ್ಟು, ಮುಂದಿನ ತೈ ಒಂದಕ್ಕೆ ಹೊಡೆದುಕೊಂಡು ಹೋಗಿ ಒಪ್ಪಿಸಬೇಕು. ಆಮೇಲೆ ಅದು ಮಲೆಯ ಮೇಲೆ ಮೇಯುವ ದೇವರ ದನ, ಯಾರ ಕೈಗೂ ಬರುವುದಿಲ್ಲ. ನಮ್ಮ ಕರು ಹುಟ್ಟಿದ್ದು ಹಿಂದಿನ ದಿನ, ಭೋಗಿಯಂದು. ಸಂಜೆ ದೀಪ ಹಚ್ಚುವ ಹೊತ್ತು. ತೊಳುವಿನ ಹಿರಿಯ ಕಾಳಿಯಪ್ಪನ್ ಪೆರಿಯಪ್ಪ ದನ ಪೂಜೆಯ ಮಾಟ್ಟು ಪೊಂಗಲಿನ ದಿನ ಹೊಲದ ಕೊಟ್ಟಿಗೆಗೇ ಬಂದು ಕೇಳಿದರು, ಅವರಿಗೂ ಭೋಗಿ ಎಂದೇ ಹೇಳಿದ್ದೇನೆ. ಅವರು ಸರಿ ಎಂದು ಹೋದರು. ಭೋಗಿ ಸಂಜೆ ಹುಟ್ಟಿದ್ದು ಎನ್ನುವುದೆಲ್ಲ ನಿನ್ನ ಪುಸ್ತಕಕ್ಕೆ ಬೇಡ. ಸಾಕುತ್ತಾಳೆ ಎಂದು ಬರೆ, ಸಾಕು.

ಈ ಸಲ ಕುಮಳಿ ಕಡೆಯಿಂದ ಗಾಳಿ ಜೋರು, ದ್ರಾಕ್ಷಿ ಚಪ್ಪರ ಎರಡು ಕಡೆ ಮುರಿದಿದೆ. ನಿನ್ನಪ್ಪನಿಗೆ ಹೇಳು, ದಿಂಡಿಗಲ್ಲಿನಲ್ಲಿ ಅಂಗಡಿ ಇಟ್ಟ ಮೇಲೆ ಅಕ್ಕನ ಮನೆಯ ದಾರಿ ಮರೆತುಹೋಯಿತಾ ಅಂತ.

ನಿನ್ನ ಅತ್ತೆ
ಮುತ್ತುಸೆಲ್ವಿ


ಪುದುಚೇರಿ
4 ಅಕ್ಟೋಬರ್ 2024

ಅತ್ತೆಗೆ ನಮಸ್ಕಾರ.

ನಿಮ್ಮ ಪಾತ್ರೆಯ ಮಾತನ್ನು ಸಂಪಾದಕಿಗೆ ಬರೆದೆ. ನಕ್ಕರಂತೆ. ಆದರೆ ಅವರು ಸುಲಭಕ್ಕೆ ಬಿಡುವವರಲ್ಲ. ಎಲ್ವೆ ಎಂದರೆ ಕೋಳಿ ಫಾರಂ ಇಟ್ಟವರ ಹಾಗೆ ಕೇಳಿಸುತ್ತದೆ, ಈ ಹೆಂಗಸಿಗೆ ಇರುವುದು ಒಂದೇ ಕರು, ಬೇರೆ ಮಾತು ಹುಡುಕು ಎನ್ನುತ್ತಾರೆ. ನಾನು ಗಾರ್ದೆ ಇಟ್ಟು ನೋಡಿದೆ. ಅದರಲ್ಲಿ ಪ್ರೀತಿಯಿಂದ ನೋಡಿಕೊಳ್ಳುವುದೂ ಇದೆ, ಬೇರೆಯವರದನ್ನು ಕೊಡದೆ ಉಳಿಸಿಕೊಳ್ಳುವುದೂ ಇದೆ. ಓದುವವರು ಎರಡನೆಯದನ್ನು ಹಿಡಿದುಬಿಟ್ಟರೆ ನಿಮ್ಮನ್ನು ಕಳ್ಳಿ ಮಾಡಿದ ಹಾಗಾಗುತ್ತದೆ, ಅಲ್ಲವಾ? ಆ ಮಾತನ್ನೂ ಪಕ್ಕಕ್ಕಿಟ್ಟಿದ್ದೇನೆ.

ಒಂದು ಸಣ್ಣ ವಿಷಯ. ಸೂರ್ಯ ದಿನಾಂಕ ತಪ್ಪು ಬರೆದಿದ್ದಾನೆ. "ತೈ ಮೊದಲ ದಿನದ ಬೆಳಿಗ್ಗೆ, ಪೊಂಗಲ್ ಉಕ್ಕುವ ಮುಂಚೆ ಕರು ಹುಟ್ಟಿತು" ಎಂದಿದೆ. ನೀವು ಭೋಗಿ ಸಂಜೆ ಎಂದಿರಿ. ಅವನಿಗೆ ಬರೆದು ತಿದ್ದಿಸುತ್ತೇನೆ, ನೀವು ಯೋಚಿಸಬೇಡಿ. ಆದರೆ ಆ ಪುಟದಲ್ಲಿರುವ ಫೋಟೋದಲ್ಲಿ ಮೈ ಒಣಗದ ಕರು ಇದೆ, ಅದರ ಹಿಂದೆ ಒಲೆಯ ಮೇಲೆ ಅರಿಶಿನದ ಎಲೆ ಕಟ್ಟಿದ ಹೊಸ ಮಡಕೆ ಕಾಣುತ್ತದೆ. ನೀವು ಹೊಲದ ಮನೆಯಲ್ಲಿ ಭೋಗಿ ದಿನವೇ ಪೊಂಗಲ್ ಇಟ್ಟಿರಾ? ಹಾಗೂ ಒಂದು ಪದ್ಧತಿ ಉಂಟಾ? ನನಗೆ ಗೊತ್ತಿರಲಿಲ್ಲ, ಸುಮ್ಮನೆ ಕುತೂಹಲ.

ಇನ್ನೊಂದು ಖುಷಿಯ ಸುದ್ದಿ. ಪುಸ್ತಕದ ತಮಿಳು ಪ್ರತಿಯನ್ನು ಬರುವ ತೈ ಒಂದಕ್ಕೆ ನಮ್ಮ ತೊಳುವಿನಲ್ಲೇ ಬಿಡುಗಡೆ ಮಾಡುತ್ತಾರಂತೆ. ನಮ್ಮೂರ ಅಧ್ಯಾಯವನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ನೀವು ಮುಂದಿನ ಸಾಲಿನಲ್ಲೇ ಕೂರಬೇಕು!

ನಿವೇತಾ


ಪುದುಚೇರಿ
11 ನವೆಂಬರ್ 2024

ಅತ್ತೆ,

ಐದು ವಾರವಾಯಿತು, ಕಾಗದ ಇಲ್ಲ. ದೀಪಾವಳಿಗೆ ಫೋನು ಮಾಡಿದರೆ "ನಲ್ಲಾ ಇರುಕ್ಕೋಂ" ಎಂದು ತಮಿಳಿನಲ್ಲಿ ಕ್ಷೇಮದ ಎರಡು ಮಾತಾಡಿ ಕಮಲಮ್ಮಾಳ್ ಕೈಗೆ ಕೊಟ್ಟುಬಿಟ್ಟಿರಿ. ಮೈ ಹುಷಾರಿಲ್ಲವಾ? ಕರುವಿಗೇನಾದರೂ ಆಯಿತಾ? ಅಪ್ಪನನ್ನು ಕೇಳಿದರೆ "ನಿಮ್ಮತ್ತೆಗೆ ಕೋಪ ಬಂದಿರುತ್ತದೆ, ಯಾರ ಮೇಲೆ ಎಂದು ಅವಳಿಗೂ ಗೊತ್ತಿರುವುದಿಲ್ಲ" ಎಂದು ನಗುತ್ತಾರೆ.

ನನ್ನ ಮಾತು ಎಲ್ಲಿ ತಪ್ಪಿತು ಎಂದು ನಿಮ್ಮ ಕಾಗದವನ್ನೂ ನನ್ನ ಕಾಗದದ ನಕಲನ್ನೂ ಮೂರು ಸಲ ಓದಿದೆ. ನನಗೆ ತಿಳಿಯಲಿಲ್ಲ. ಆ ಒಂದು ವಾಕ್ಯ ಬಿಟ್ಟು ಉಳಿದದ್ದೆಲ್ಲ ಮುಗಿದಿದೆ. ನೀವು ಬೈದಾದರೂ ಬರೆಯಿರಿ.

ನಿವೇತಾ


ಗೂಡಲೂರು
22 ನವೆಂಬರ್ 2024

ನಿವೇತಾ,

ಬೈದಾದರೂ ಬರೆಯಿರಿ ಎಂದೆಯಲ್ಲ, ತಗೋ.

ನಿನಗೆ ಅಕ್ಷರ ಕಲಿಸಿದ್ದು ನನ್ನನ್ನೇ ವಿಚಾರಣೆ ಮಾಡಲಿ ಅಂತಲಾ? ಮಡಕೆ ಯಾಕಿತ್ತು, ಎಲೆ ಯಾಕೆ ಕಟ್ಟಿತ್ತು, ಭೋಗಿಯಾ ತೈಯಾ! ಇದು ಪುಸ್ತಕವಾ, ಪೊಲೀಸ್ ಠಾಣೆಯಾ? ಕಳ್ಳಿ ಎಂಬ ಮಾತನ್ನು ಕೈ ನಡುಗದೆ ಬರೆದಿದ್ದೀಯಲ್ಲ, ನಿನ್ನಪ್ಪ ಕೂಡ ನನಗೆ ಹಾಗೆಂದಿದ್ದಿಲ್ಲ. ಆ ಚೆನ್ನೈ ಹುಡುಗನಿಗೆ ಮೂರು ಹೊತ್ತು ಬಡಿಸಿದೆ. ಅವನು ಬೆಳಗಾಗೆದ್ದು ಕ್ಯಾಮೆರಾ ಹಿಡಿದು ಕೊಟ್ಟಿಗೆಗೆ ಬರುತ್ತಾನೆ ಎಂದು ನನಗೇನು ಗೊತ್ತು?

ಭೋಗಿ ಎಂದೇ ಬರೆ. ಫೋಟೋ ತೆಗೆಸಿಬಿಡು. ಅಷ್ಟು ಮಾಡಲಾಗದಿದ್ದರೆ ನನ್ನ ಮನೆಗೆ ಬರಬೇಡ.

ಇನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಬುಧವಾರ ದನಗಳಿಗೆ ಲಾಳ ಕಟ್ಟುವ ಸೇಕರನನ್ನು ಕರೆಸಿ ಕರುವಿಗೆ ಮೂಗು ಚುಚ್ಚಿಸಿ ಹಗ್ಗ ಹಾಕಿಸಿದ್ದೇನೆ. ಸೇಕರ್ ಒಪ್ಪಲಿಲ್ಲ. "ಇನ್ನೂ ಎಳೇದ್ ಅಕ್ಕಾ, ಆರು ತಿಂಗ್ಳು ಓಗ್ಲಿ" ಎಂದ. ನಾನು ಬಿಡಲಿಲ್ಲ, ಈಗಲೇ ಚುಚ್ಚು ಎಂದೆ. ಮೂಗುದಾರ ಬಿದ್ದ ದನ ಮನೆಯ ದನ, ಅದನ್ನು ತೊಳುವಿನೊಳಗೆ ಸೇರಿಸುವ ಕಟ್ಟಳೆಯೇ ಇಲ್ಲ. ನಾಲ್ಕು ಜನ ಹಿಡಿದುಕೊಂಡರೂ ಅವನು ನನ್ನನ್ನೇ ನೋಡುತ್ತಿದ್ದ. ಎರಡು ದಿನ ಹುಲ್ಲು ಮೂಸಲಿಲ್ಲ.

ಮುತ್ತುಸೆಲ್ವಿ


ಪುದುಚೇರಿ
1 ಡಿಸೆಂಬರ್ 2024

ಅತ್ತೆ,

ನಿಮ್ಮ ಕಾಗದ ಓದಿ ಮೊದಲು ಕೋಪ ಬಂತು, ಆಮೇಲೆ ಅಳು ಬಂತು. ಆಮೇಲೆ ಗೊತ್ತಾಯಿತು. ನನ್ನ ದಡ್ಡತನಕ್ಕೆ ಏನು ಹೇಳಲಿ! ಸತ್ಯವಾಗಿ ಹೇಳುತ್ತೇನೆ, ನಾನು ಕೇಳಿದ್ದು ಫ್ರೆಂಚ್ ಮಾತಿಗಾಗಿ ಮಾತ್ರ. ಕಳ್ಳಿ ಎಂದು ಬರೆದಾಗ ಅದು ನಿಮಗೆ ತಾಗೀತು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಾನೂ ಒಂದು ವಿಷಯ ಹೇಳಿರಲಿಲ್ಲ. ಅಕ್ಟೋಬರಿನಲ್ಲೇ ಸೂರ್ಯನಿಗೆ ದಿನಾಂಕ ತಿದ್ದು ಎಂದು ಬರೆದಿದ್ದೆ. ಅವನು ಕೂಡಲೇ ಉತ್ತರಿಸಿದ, "ತಪ್ಪಿಲ್ಲ, ತೈ ಒಂದೇ. ಕರುವಿನ ಕಾಲು ಹಿಡಿದು ಎಳೆದವನೇ ನಾನು" ಎಂದು. ಆಗ ನೀವು ಅಳುತ್ತಾ "ಇವತ್ತೇ ಬರಬೇಕಿತ್ತಾ ನೀನು" ಎಂದು ಕರುವಿನ ಹಣೆಗೆ ಹೊಡೆದಿರಂತೆ. ಸಂತೋಷಕ್ಕೆ ಅಳುತ್ತಿದ್ದೀರಿ ಎಂದು ಅವನು ತಿಳಿದ. ಕಟ್ಟಳೆಯ ವಿಷಯ ಅವನಿಗೆ ಆಮೇಲೆ ತಿಳಿಯಿತು, ವರ್ಷ ತುಂಬಿದ ಮೇಲೆ ನೀವೇ ಒಪ್ಪಿಸುತ್ತೀರಿ ಎಂದುಕೊಂಡನಂತೆ. ಅವನಿಗೂ ನೆನಪು ತಪ್ಪಿರಬಹುದು ಎಂದುಕೊಂಡು ನಾನು ಸುಮ್ಮನಾದೆ. ನೀವು ಸುಳ್ಳು ಹೇಳುತ್ತೀರಿ ಎಂದು ನಂಬಲು ನನಗೆ ಆಗಲಿಲ್ಲ.

ಭೋಗಿ ಎಂದು ಬರೆಯಲು ನನ್ನಿಂದ ಆಗುವುದಿಲ್ಲ ಅತ್ತೆ. ಬೇಕಾದರೆ ಬೈಯಿರಿ, ಮನೆಗೆ ಸೇರಿಸಬೇಡಿ. ಆದರೆ ಆ ಭಾಗವನ್ನು ಪೂರ್ತಿ ತೆಗೆಯಬಹುದು, ಫೋಟೋವನ್ನೂ. ಸೂರ್ಯ ಒಪ್ಪಿದ್ದಾನೆ, ಇಂಗ್ಲಿಷಿನಲ್ಲೂ ತಮಿಳಿನಲ್ಲೂ ತೆಗೆಯುತ್ತಾನೆ, ಯಾರಿಗೂ ಹೇಳುವುದಿಲ್ಲ. ತೆಗೆದರೆ ಕರು ನಿಮ್ಮದೇ, ಎಂದೂ ಯಾರಿಗೂ ತಿಳಿಯುವುದಿಲ್ಲ. ನಾನೂ ಮತ್ತೆ ಈ ಮಾತು ಎತ್ತುವುದಿಲ್ಲ. ಬಿಟ್ಟರೆ ತೈ ಒಂದಕ್ಕೆ ಎಲ್ಲರೆದುರು ಓದುತ್ತಾರೆ. ನೀವು ಹೇಳಿದಂತೆ ಮಾಡುತ್ತೇನೆ. ಹದಿನೈದರೊಳಗೆ ತಿಳಿಸಿ.

ಅವನು ಈಗ ಹುಲ್ಲು ತಿನ್ನುತ್ತಾನಾ?

ನಿವೇತಾ


ಗೂಡಲೂರು
9 ಡಿಸೆಂಬರ್ 2024

ನಿವೇತಾ ಕಣ್ಣು,

ತಿನ್ನುತ್ತಾನೆ. ಗಾಯಕ್ಕೆ ಬೇವಿನೆಣ್ಣೆ ಹಚ್ಚಲು ಹೋದರೆ ಮಾತ್ರ ಹಿಂದೆ ಸರಿಯುತ್ತಾನೆ. ಮೊದಲು ಹಾಗೆ ಸರಿಯುತ್ತಿರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಅತ್ತೆಯದೂ ಅದೇ ಕತೆಯಾಯಿತು. ನೀನು ಕೇಳಿದ ಒಂದೊಂದು ಮಾತಿಗೂ ನಾನು ಹೆಗಲು ಒರೆಸಿಕೊಂಡೆ.

ಏನೂ ತೆಗೆಯಬೇಡ. ಫೋಟೋನೂ ಇರಲಿ. ಊರವರಿಗೆ ಪುಸ್ತಕದಲ್ಲಿ ಓದಿ ತಿಳಿಯುವ ಮುಂಚೆ ನನ್ನ ಬಾಯಲ್ಲೇ ತಿಳಿಯಲಿ. ಅಲ್ಲಿಯವರೆಗೆ ನಿನ್ನಪ್ಪನಿಗೂ ಹೇಳಬೇಡ.

ಅತ್ತೆ


ಗೂಡಲೂರು
20 ಜನವರಿ 2025

ನಿವೇತಾ ಕಣ್ಣು,

ನೀನು ಹಬ್ಬಕ್ಕೆ ಬರುತ್ತೇನೆಂದಾಗ ಬೇಡ ಎಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಾನು ತಲೆ ತಗ್ಗಿಸಿ ನಿಲ್ಲುವುದನ್ನು ನೀನು ನೋಡಬಾರದು ಎಂದಿತ್ತು. ಈಗ ನಡೆದದ್ದನ್ನೆಲ್ಲ ಬರೆಯುತ್ತೇನೆ, ತಪ್ಪುಗಳನ್ನು ನೀನು ತಿದ್ದಿಕೋ.

ತೈ ಒಂದರ ಬೆಳಿಗ್ಗೆ ಕರುವಿಗೆ ಮೈ ತೊಳೆದು, ಕೊಂಬು ಮೂಡುವ ಜಾಗಕ್ಕೆ ಅರಿಶಿನ ಹಚ್ಚಿ, ಕೊರಳಿಗೆ ಆವಾರಂ ಹೂವಿನ ಮಾಲೆ ಹಾಕಿ ಹೊರಟೆ. ಕಮಲಮ್ಮಾಳ್ "ಎಲ್ಲಿಗ್ ಅಕ್ಕಾ?" ಎಂದಳು, "ಬಾ" ಎಂದೆ. ತೊಳುವಿನ ಮುಂದೆ ಇನ್ನೂರು ಜನ. ಸೂರ್ಯ ಮೈಕು ಸರಿಮಾಡುತ್ತಿದ್ದ, ನನ್ನನ್ನೂ ಕರುವನ್ನೂ ನೋಡಿ ಕೈ ಬಿಟ್ಟು ನಿಂತ. ನಾನು ನೇರವಾಗಿ ಪೆರಿಯಪ್ಪನ ಮುಂದೆ ಹೋದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಲ್ಲೇ ಹೇಳಿದೆ.

"ಪೆರಿಯಪ್ಪಾ, ಇದು ಭೋಗೀಲಿ ಉಟ್ಟಿದ್ದಲ್ಲ, ತೈ ಒಂದ್ರಾಗೆ ಉಟ್ಟಿದ್ದು. ನಾನ್ ಪೊಯ್ ಯೋಳ್ಬುಟ್ಟೆ." ಸುಳ್ಳು ಎನ್ನಲು ಹೋದರೆ ಬಾಯಿಗೆ ತಮಿಳೇ ಬಂತು.

ಅವರಿಗೆ ಎಂಬತ್ತೆರಡು. ಕಿವಿ ಮಂದ ಎಂದು ಎಲ್ಲರೂ ಕೂಗಿ ಮಾತಾಡುತ್ತಾರೆ. ನಾನು ಮೆಲ್ಲಗೆ ಹೇಳಿದ್ದು ಅವರಿಗೆ ಪೂರ್ತಿ ಕೇಳಿಸಿತು. ಬೈಯಲಿಲ್ಲ. ಕರುವಿನ ಹತ್ತಿರ ಬಂದು, ಗಲ್ಲ ಹಿಡಿದೆತ್ತಿ, ಮೂಗು ನೋಡಿದರು.

"ಇದ್ಯಾವಾಗ ಕುತ್ತಿಸ್ದೆ ತಾಯೀ?"

"ಕಾರ್ತಿಗೇಲಿ."

"ಗೊತ್ತಿದ್ದೂ ಕುತ್ತಿಸ್ದಾ?"

"ಗೊತ್ತಿದ್ದೇ ಕುತ್ತಿಸ್ದೆ. ನೀವ್ ಕೇಳ್ಬಾರ್ದು ಅಂತಾವ."

ಸುತ್ತ ಜನ ಗುಸುಗುಸು ಎಂದರು. ಒಬ್ಬಳು "ಟೀಚರಮ್ಮನೇ ಇಂಗ್ ಮಾಡಿದ್ರೆ!" ಎಂದದ್ದು ನನ್ನ ಕಿವಿಗೇ ಬಿತ್ತು. ಪೆರಿಯಪ್ಪ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು.

"ತೊಳೂಗೆ ಮೂಗ್ ಕುತ್ತಿದ್ ದನ ಬರಕ್ಕಾಗಲ್ಲ ತಾಯೀ."

"ಅಗ್ಗ ಬಿಚ್ಚಾಕ್ತೀನಿ ಪೆರಿಯಪ್ಪಾ. ಈಗ್ಲೇ ಬಿಚ್ತೀನಿ."

"ಅಗ್ಗ ಬಿಚ್ಬೌದು. ತೂತು ಓಗ್ತದಾ?"

ನಿವೇತಾ, ನಾನು ಅಲ್ಲೇ ಮಣ್ಣಲ್ಲಿ ಕೂತು ಅತ್ತುಬಿಟ್ಟೆ. ಹನ್ನೊಂದು ತಿಂಗಳು ಯಾರೂ ಕೇಳದಿರಲಿ, ಯಾರೂ ಕಿತ್ತುಕೊಳ್ಳದಿರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದವಳು, ಈಗ ತಗೊಳ್ಳಿ ಪೆರಿಯಪ್ಪಾ, ಹೇಗಾದರೂ ತಗೊಳ್ಳಿ ಎಂದು ಕಾಲು ಹಿಡಿದೆ. ಅವನು ಮಲೆಗೆ ಹೋಗಬೇಕಿದ್ದ ಹೋರಿ. ಮಂದೆಯ ಮುಂದೆ ನಡೆಯಬೇಕಿತ್ತು. ನನ್ನ ಆಸೆಗೆ ಅವನ ಮೂಗು ತೂತಾಯಿತು. ಈ ಪಾಪಕ್ಕೆ ಏನು ಮಾಡಲಿ ಹೇಳು.

ಹಿರಿಯರು ಪಕ್ಕಕ್ಕೆ ಹೋಗಿ ಮಾತಾಡಿಕೊಂಡು ಬಂದರು. ಇಂಥದ್ದು ಹಿಂದೆ ಯಾರೂ ಮಾಡಿದ್ದಿಲ್ಲವಂತೆ, ಹಾಗಾಗಿ ಇದಕ್ಕೊಂದು ಕಟ್ಟಳೆಯೂ ಇರಲಿಲ್ಲ. ಕೊನೆಗೆ ಪೆರಿಯಪ್ಪ ಹೇಳಿದರು, "ಇದು ತೊಳೂದು. ಉಳಬ್ಯಾಡ, ಬಂಡೀಗ್ ಕಟ್ಬ್ಯಾಡ, ಮಾರಬ್ಯಾಡ. ನಿನ್ ಕೊಟ್ಟಿಗೇಲೇ ಇರ್ಲಿ. ಮೇಯ್ಸು."

"ಎಷ್ಟ್ ದಿನಾ ಪೆರಿಯಪ್ಪಾ?"

"ಅದ್ರ ಆಯುಸ್ಸಿರೋ ಗಂಟ."

ಆಮೇಲೆ ಪುಸ್ತಕ ಓದಿದರು. ತೈ ಮೊದಲ ದಿನದ ಬೆಳಿಗ್ಗೆ ಎನ್ನುವ ಸಾಲು ಬಂದಾಗ ಯಾರೂ ನನ್ನ ಕಡೆ ತಿರುಗಲಿಲ್ಲ, ಎಲ್ಲರಿಗೂ ಆಗಲೇ ಗೊತ್ತಿತ್ತಲ್ಲ. ಕಮಲಮ್ಮಾಳ್ ಮಾತ್ರ ನನ್ನ ತೊಡೆ ಚಿವುಟಿ "ನಂಗೂ ಯೋಳ್ಲಿಲ್ವಲ್ಲಾ ಅಕ್ಕಾ" ಎಂದು ಮುನಿಸಿಕೊಂಡಳು. ಎರಡು ದಿನ ಮೊಸರು ಕೊಡಲಿಲ್ಲ, ಮೂರನೆಯ ದಿನ ಕೊಟ್ಟಳು.

ನೀನು ಕೊನೆಗೆ ಫ್ರೆಂಚಿನಲ್ಲಿ ಯಾವ ಮಾತು ಹಾಕಿದೆ ಎಂದು ಬರೆಯಲೇ ಇಲ್ಲ. ಯಾವುದನ್ನು ಹಾಕಿದ್ದರೂ ಈಗ ಸಾಲದು. ಬೇರೆಯವರದನ್ನು ಬಚ್ಚಿಟ್ಟು, ವಾಪಸು ಕೊಡಲು ಹೋಗಿ, ಅವರು ಬೇಡವೆಂದು, ಮತ್ತೆ ನಮ್ಮ ಕೈಗೇ ಕೊಟ್ಟು ಕಳಿಸುವುದಕ್ಕೆ ಅವರಲ್ಲಿ ಒಂದು ಮಾತಿದೆಯಾ ಕೇಳಿ ನೋಡು. ನಮ್ಮಲ್ಲಂತೂ ಇಲ್ಲ. ನಾನು ಎರಡು ದಿನದಿಂದ ಹುಡುಕುತ್ತಿದ್ದೇನೆ.

ನಿನ್ನೆ ಸರ್ಕಾರದ ಜಾನುವಾರು ಗಣತಿಯವನು ಬಂದಿದ್ದ. ಎಳೆಯ ಹುಡುಗ, ಬತ್ತಲಗುಂಡಿನವನಂತೆ, ಫೋನಿನಲ್ಲೇ ಬರೆದುಕೊಳ್ಳುತ್ತಾನೆ. ಎಷ್ಟು ದನ ಎಂದ, ಒಂದು ಎಂದೆ. ಯಜಮಾನರು ಯಾರು ಎಂದ. ನನ್ನದು ಎನ್ನುವುದು ಒಂದೇ ಮಾತು. ಹೋದ ವರ್ಷ ಅದನ್ನು ಎಷ್ಟು ಸಲೀಸಾಗಿ ಹೇಳಿದ್ದೆ! ನಿನ್ನೆ ಬಾಯಿಗೆ ಬರಲಿಲ್ಲ. ತೊಳುವಿನದು ಎಂದೆ. ಹಾಗಾದರೆ ನಿಮ್ಮ ಕೊಟ್ಟಿಗೆಯಲ್ಲಿ ಯಾಕಿದೆ ಅಮ್ಮಾ ಎಂದು ಕೇಳಿದ.

"ಕದ್ದಿದ್ದೆ. ಕೊಡಕ್ ಓದೆ. ಇಸ್ಕೊಳ್ಳಲಿಲ್ಲ" ಎಂದೆ.

ಅವನಿಗೆ ನಮ್ಮ ಮಾತು ಅರ್ಥವಾಗಲಿಲ್ಲ. ತಮಿಳಿನಲ್ಲಿ ಮತ್ತೆ ಹೇಳಿದೆ. ತಮಾಷೆ ಎಂದುಕೊಂಡು ನಕ್ಕು, ಯಜಮಾನರು ಎನ್ನುವ ಕಡೆ ನನ್ನ ಹೆಸರನ್ನೇ ಬರೆದುಕೊಂಡು ಹೋದ.

ನಿನ್ನ ಅತ್ತೆ
ಮುತ್ತುಸೆಲ್ವಿ